ಆರು ದಿನ, ಒಂದೇ ಊರು: ರಜೆ ದಂಡವಾಗುತ್ತದೆಯೇ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿರುವ ಆರು ಜನರ ಕುಟುಂಬ. ನಾನು, ಪತಿ, 12 ಮತ್ತು 8 ವರ್ಷದ ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಮತ್ತು ಮಾವ. ಅತ್ತೆಗೆ 68 ವರ್ಷ, ಮಂಡಿನೋವಿದೆ, ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ದಸರಾ ರಜೆಯಲ್ಲಿ ಆರು ದಿನ ಉತ್ತರ ಕರ್ನಾಟಕ ನೋಡಿಬರಬೇಕು ಎಂದಿದ್ದೇವೆ. ಪತಿ ಪಟ್ಟಿ ಮಾಡಿದ್ದಾರೆ: ಚಿತ್ರದುರ್ಗ, ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ವಿಜಯಪುರ, ಕಲಬುರಗಿ, ಬೀದರ್. ಹೋದ ವರ್ಷ ಹೀಗೆಯೇ ಐದು ದಿನಕ್ಕೆ ಏಳು ಊರು ಸುತ್ತಿ ಬಂದೆವು. ಬಂದ ಮೇಲೆ ನಾನು ಎರಡು ದಿನ ಮಲಗಿದ್ದೆ, ಮಗನಿಗೆ ಯಾವ ಊರಿನಲ್ಲಿ ಏನು ನೋಡಿದೆವೆಂಬುದೇ ಕಲಸಿಹೋಗಿದೆ. ಈ ಸಲ ಒಂದೇ ಊರಿನಲ್ಲಿ ಉಳಿದು, ಬೆಳಿಗ್ಗೆ ಎದ್ದು 'ಇವತ್ತು ಏನು ಮಾಡೋಣ' ಎಂದು ಕೇಳಿಕೊಳ್ಳುವ ರಜೆ ಬೇಕೆನಿಸಿದೆ. ಪತಿಗೆ ಇದು ರಜೆ ದಂಡ ಮಾಡಿದ ಹಾಗೆ. ವಯಸ್ಸಾದವರನ್ನು ಕಟ್ಟಿಕೊಂಡು ಯೋಜನೆಯಿಲ್ಲದೆ ಹೊರಡುವುದು ಹುಡುಗಾಟ ಎನ್ನುತ್ತಾರೆ ಮಾವ. ಖರ್ಚು ಹೆಚ್ಚಾಗುತ್ತದೆ, ಮಕ್ಕಳಿಗೆ ಬೇಸರವಾಗುತ್ತದೆ ಎಂಬ ಭಯ ನನಗೂ ಇದೆ. ನಾನು ಕೇಳುತ್ತಿರುವುದು ತಪ್ಪೇ?

ಉತ್ತರ: ತಪ್ಪಲ್ಲ. ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕುಟುಂಬಗಳಿಗೆ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ಇತ್ತೀಚಿನ ವರ್ಷಗಳಲ್ಲಿ ಇದೇ ಮಾತನ್ನು ಅನೇಕರು, ಅದರಲ್ಲೂ ತಾಯಂದಿರು, ದನಿ ತಗ್ಗಿಸಿ ಕೇಳುತ್ತಾರೆ. ಪ್ರವಾಸದ ಚೀಲ ಕಟ್ಟುವುದು, ಬಿಚ್ಚುವುದು, ಒದ್ದೆ ಬಟ್ಟೆ ಒಣಗಿಸುವುದು, ಮಾತ್ರೆಯ ಹೊತ್ತು ನೋಡುವುದು ಹೆಚ್ಚಾಗಿ ಅವರ ಪಾಲಿಗೇ ಬರುತ್ತದೆ. ಹಾಗಾಗಿ ಓಡುವ ಪ್ರವಾಸದ ದಣಿವು ಮೊದಲು ತಟ್ಟುವುದೂ ಅವರಿಗೇ.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಗಂಟುಬಿದ್ದಿವೆ. ಒಂದೇ ಊರಿನಲ್ಲಿ ಉಳಿದರೆ ರಜೆ ದಂಡವೇ ಎಂಬುದು ಒಂದು. ಯೋಜನೆಯಿಲ್ಲದೆ ಹೋದರೆ ಅಪಾಯವೇ ಎಂಬುದು ಇನ್ನೊಂದು. ಖರ್ಚಿನದು ಮೂರನೆಯದು. ಇವನ್ನು ಬೇರೆ ಬೇರೆ ಇಟ್ಟು ನೋಡಿದರೆ ನಿಮ್ಮ ಪತಿಯೂ ಮಾವನೂ ನಿಮಗೆ ಅಷ್ಟೊಂದು ಎದುರಾಗಿಲ್ಲ ಎಂದು ಕಾಣುತ್ತದೆ. ಮಾವನವರ ಮಾತಂತೂ ಮುಕ್ಕಾಲು ಪಾಲು ಸರಿ. ಪತಿಯ ಪಟ್ಟಿಯಲ್ಲಿ ನೋಡಬಾರದ ಊರು ಒಂದೂ ಇಲ್ಲ. ಆರು ದಿನಕ್ಕೆ ಅದು ಹಿಡಿಸುವುದಿಲ್ಲ, ಅಷ್ಟೆ.

ಮೊದಲು ಆ ಪಟ್ಟಿಯ ಲೆಕ್ಕ ಹಾಕೋಣ. ಬೆಂಗಳೂರಿನಿಂದ ಚಿತ್ರದುರ್ಗದ ಮೇಲೆ ಹಂಪಿಗೆ ಸುಮಾರು 340 ಕಿ.ಮೀ. ಅಲ್ಲಿಂದ ಬಾದಾಮಿಗೆ 145, ಬಾದಾಮಿಯಿಂದ ವಿಜಯಪುರಕ್ಕೆ 125, ಅಲ್ಲಿಂದ ಕಲಬುರಗಿಗೆ 160, ಬೀದರಿಗೆ ಇನ್ನೂ 115, ಬೀದರಿನಿಂದ ಬೆಂಗಳೂರಿಗೆ 680ರ ಆಸುಪಾಸು. ಒಟ್ಟು ಒಂದೂವರೆ ಸಾವಿರ ಕಿ.ಮೀ. ದಾಟುತ್ತದೆ. ಊರೊಳಗಿನ ಓಡಾಟ, ಐಹೊಳೆ–ಕೂಡಲಸಂಗಮದ ಸುತ್ತು ಇದರಲ್ಲಿ ಸೇರಿಲ್ಲ. ಆರು ಜನ, ಸಾಮಾನು, ಮಕ್ಕಳ ಮೂತ್ರಕ್ಕೆ ನಿಲ್ಲಿಸುವುದು, ಊಟ ಎಲ್ಲ ಸೇರಿ ಗಂಟೆಗೆ 50 ಕಿ.ಮೀ. ಸರಾಸರಿ ಸಿಕ್ಕರೆ ಪುಣ್ಯ. ಅಂದರೆ ಮೂವತ್ತಕ್ಕೂ ಹೆಚ್ಚು ಗಂಟೆ ಬರೀ ಸೀಟಿನ ಮೇಲೆ. ಹೋಟೆಲ್ ಬದಲಿಸುವ ಪ್ರತಿ ಸಲವೂ ಖಾಲಿ ಮಾಡುವುದು, ಹೊಸ ಕಡೆ ಬರೆಸುವುದು, ಕೋಣೆ ಸಿಗುವವರೆಗೆ ಕಾಯುವುದು ಸೇರಿ ಎರಡು ಗಂಟೆ ಹೋಗುತ್ತದೆಂಬುದು ನನ್ನ ಅನುಭವ. ಐದು ಹೋಟೆಲಿಗೆ ಹತ್ತು ಗಂಟೆ. ಆರು ದಿನದಲ್ಲಿ ಎಚ್ಚರವಿರುವ ಹೊತ್ತು ಸುಮಾರು 84 ಗಂಟೆ. ಅದರಲ್ಲಿ ಅರ್ಧ ರಸ್ತೆಗೂ ಹೋಟೆಲಿನ ಮೇಜಿಗೂ ಹೋಯಿತು. ಊಟ, ತಿಂಡಿ, ಸ್ನಾನದ ಹೊತ್ತು ಕಳೆದು ಉಳಿದದ್ದನ್ನು ಹತ್ತು ಊರಿಗೆ ಹಂಚಿದರೆ ಒಂದೊಂದಕ್ಕೆ ಎರಡು ಮೂರು ಗಂಟೆ ಸಿಗುತ್ತದೆ. ನಿಮ್ಮ ಮಗನ ನೆನಪು ಕಲಸಿಹೋದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಾಗಿದ್ದರೂ ನಾವು ಹೀಗೇ ಏಕೆ ಓಡುತ್ತೇವೆ? ಜನ ಇದಕ್ಕೆ ದುರಾಸೆ ಎಂದು ಹೆಸರಿಡುತ್ತಾರೆ. ನನಗೆ ಹಾಗನ್ನಿಸಿಲ್ಲ. ದೊಡ್ಡ ಕಾರಣ ಬಾಡಿಗೆ ವಾಹನದ ಲೆಕ್ಕದಲ್ಲಿದೆ. ಹೊರ ಊರಿಗೆ ಟ್ಯಾಕ್ಸಿ ಅಥವಾ ಟೆಂಪೊ ಮಾಡಿದರೆ ನೀವು ಓಡಿಸಿ, ಬಿಡಿ, ದಿನಕ್ಕೆ 250 ಅಥವಾ 300 ಕಿ.ಮೀ. ಕನಿಷ್ಠ ಎಂದು ಹಿಡಿದು ಹಣ ಕಟ್ಟಿಸಿಕೊಳ್ಳುತ್ತಾರೆ. ಚಾಲಕರ ಭತ್ಯೆ ಬೇರೆ. ಒಂದು ದಿನ ಬಾದಾಮಿಯಲ್ಲಿ ಸುಮ್ಮನೆ ಉಳಿದರೂ ಆ 300 ಕಿ.ಮೀ.ಗೆ ಹಣ ತೆರಲೇಬೇಕು. ಆಗ ಮನೆಯ ಯಜಮಾನರಿಗೆ 'ಹೇಗೂ ದುಡ್ಡು ಕೊಡುತ್ತೇವಲ್ಲ, ಕೂಡಲಸಂಗಮವನ್ನೂ ಮುಗಿಸಿಬಿಡೋಣ' ಅನ್ನಿಸುವುದು ಸಹಜ. 'ಮುಗಿಸು' ಎಂಬ ಕ್ರಿಯಾಪದ ಪ್ರವಾಸದ ಮಾತಿಗೆ ಬಂದು ಸೇರಿದ್ದು ಈ ದಾರಿಯಿಂದ.

ಇನ್ನೊಂದು ಕಾರಣ ಊರಿಗೆ ಮರಳಿದ ಮೇಲೆ ಕೇಳುವ ಪ್ರಶ್ನೆ. 'ಅಷ್ಟು ದೂರ ಹೋಗಿ ಐಹೊಳೆ ನೋಡಲಿಲ್ಲವೇ?' ಎಂದು ಯಾರಾದರೂ ಕೇಳಿದರೆ ಏನು ಹೇಳುವುದೆಂಬ ಅಳುಕು ಬಹಳ ಜನರ ಪಟ್ಟಿಯನ್ನು ಉದ್ದ ಮಾಡಿದೆ. ಮೂರನೆಯದನ್ನು ನಾವು ಗಮನಿಸುವುದೇ ಕಡಿಮೆ. ನಮ್ಮ ತಲೆಮಾರಿನವರಿಗೆ ರಜೆ ಎಂದರೆ ಅಜ್ಜನ ಮನೆಯಾಗಿತ್ತು. ಬೆಳಿಗ್ಗೆ ಏನು ಮಾಡಬೇಕೆಂದು ಯಾರೂ ಬರೆದಿಡುತ್ತಿರಲಿಲ್ಲ, ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದೆವು, ದಂಡವಾಯಿತೆಂದು ಯಾರಿಗೂ ಅನ್ನಿಸಲಿಲ್ಲ. ಅಜ್ಜನ ಮನೆ ಅನೇಕರಿಗೆ ಈಗ ಇಲ್ಲ, ಇದ್ದರೂ ಅಲ್ಲಿ ಅಜ್ಜ ಇಲ್ಲ. ಆ ರಜೆಯ ಜಾಗಕ್ಕೆ ಪ್ರವಾಸ ಬಂತು, ಆದರೆ ಅದರ ಸಾವಕಾಶ ಬರಲಿಲ್ಲ. ನೀವು ಈಗ ಕೇಳುತ್ತಿರುವುದು ಆ ಸಾವಕಾಶವನ್ನು ಎಂದೇ ನಾನು ಓದಿಕೊಂಡೆ. ಇದು ಎಲ್ಲಿಂದಲೋ ಬಂದ ಹೊಸ ಶೋಕಿಯಲ್ಲ ಎಂದು ಮಾವನವರಿಗೆ ಧೈರ್ಯವಾಗಿ ಹೇಳಿ. ಅವರ ಬಾಲ್ಯದ ರಜೆ ಹೇಗಿತ್ತೆಂದು ಕೇಳಿದರೆ ಅವರೇ ನಿಮ್ಮ ಪರವಾಗಿ ಮಾತನಾಡಿಯಾರು.

ಇನ್ನು ಮಾವನವರ ಆತಂಕ. ಯೋಜನೆಯಿಲ್ಲದ ಪ್ರವಾಸ ಎಂದರೆ ಕಾಯ್ದಿರಿಸದ ಪ್ರವಾಸ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ, ಇದರಿಂದ ನಿಜವಾಗಿ ಕಷ್ಟಪಟ್ಟವರನ್ನು ನೋಡಿದ್ದೇನೆ. ನನ್ನ ಅಕ್ಕನ ಮನೆಯವರು ಒಮ್ಮೆ ಜನವರಿಯಲ್ಲಿ 'ಹೋದ ಮೇಲೆ ನೋಡಿಕೊಳ್ಳೋಣ' ಎಂದು ಬಾದಾಮಿಗೆ ಹೊರಟರು. ಅದು ಬನದ ಹುಣ್ಣಿಮೆಯ ಸಮಯ, ಬನಶಂಕರಿ ಜಾತ್ರೆ. ಸುತ್ತಲಿನ ಊರುಗಳಲ್ಲಿ ಒಂದು ಕೋಣೆಯೂ ಇರಲಿಲ್ಲ. ಚಳಿಯಲ್ಲಿ ಕಾರಿನೊಳಗೆ ರಾತ್ರಿ ಕಳೆದರು, ಭಾವನವರಿಗೆ ಬೆನ್ನು ಹಿಡಿದುಕೊಂಡು ವಾರವಿಡೀ ಏಳಲಾಗಲಿಲ್ಲ. ಜಾತ್ರೆಯ ದಿನ ನಾನಾದರೂ ನೆನಪಿಸಬೇಕಿತ್ತು, ನೆನಪಿಸಲಿಲ್ಲ. ಆ ತಪ್ಪು ನನ್ನನ್ನು ಇಂದಿಗೂ ಚುಚ್ಚುತ್ತದೆ. ಅಂದಿನಿಂದ ಯಾರೇ ಕೇಳಿದರೂ ಮೊದಲ ಮಾತು ಇದನ್ನೇ ಹೇಳುತ್ತೇನೆ: ಹೋಗುವ ಬರುವ ರೈಲು, ಮಲಗುವ ಕೋಣೆ, ಔಷಧ, ಈ ಮೂರು ಗಟ್ಟಿಯಾಗಿರಬೇಕು. ಹಗಲನ್ನು ಮಾತ್ರ ಸಡಿಲ ಬಿಡಿ.

ರೈಲು ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನವಾಗಿದೆ. ದಸರೆಯಂಥ ರಜೆಗೆ ಕಿಟಕಿ ತೆರೆದ ದಿನವೇ ಕೂತು ಮಾಡಿ. ಎಲ್ಲ ಕಡೆಯೂ ಹಗಲನ್ನು ಸಡಿಲ ಬಿಡಲಾಗುವುದಿಲ್ಲ ಎಂಬುದೂ ನೆನಪಿರಲಿ. ಊಟಿ ಮತ್ತು ಕೊಡೈಕೆನಾಲಿಗೆ 2024ರ ಮೇ ತಿಂಗಳಿನಿಂದ ಇ–ಪಾಸ್ ಬೇಕು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಬಂದ್. ಚಾರಣದ ಕಾಡುದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಅಂಥ ಕಡೆ 'ನೋಡೋಣ' ಎಂದು ಹೊರಟರೆ ಗೇಟಿನಿಂದಲೇ ಹಿಂದಿರುಗಬೇಕಾದೀತು. ಬಾದಾಮಿಗೆ ಈ ತೊಡಕು ಯಾವುದೂ ಇಲ್ಲ.

ನಿಮ್ಮ ಪಟ್ಟಿಯ ಹತ್ತರಲ್ಲಿ ನಾನು ಬಾದಾಮಿಯನ್ನೇ ಹಿಡಿದದ್ದೇಕೆ ಎಂದರೆ, ಹೆಚ್ಚಿನವರು ಅತಿ ಬೇಗ ಬಿಟ್ಟುಹೋಗುವ ಊರು ಅದು. ಪ್ರವಾಸದ ಬಸ್ಸುಗಳು ಹತ್ತು ಗಂಟೆಗೆ ಬರುತ್ತವೆ, ನಾಲ್ಕು ಗುಹೆ ಹತ್ತಿಳಿಯಲು ಮುಕ್ಕಾಲು ಗಂಟೆ, ಕೆರೆಯ ಮುಂದೆ ಒಂದು ಫೋಟೊ, ಹನ್ನೊಂದೂವರೆಗೆ ಪಟ್ಟದಕಲ್ಲಿಗೆ ಹೊರಟುಹೋಗುತ್ತವೆ. ಅಂದರೆ ಆ ಕಲ್ಲು ಅತಿ ಪೇಲವವಾಗಿ ಕಾಣುವ ಹೊತ್ತಿನಲ್ಲಿ ಅದನ್ನು ನೋಡಿ ಹೋಗುತ್ತಾರೆ. ಅಲ್ಲಿನ ಮರಳುಗಲ್ಲಿನ ಬಣ್ಣ ಏಳುವುದು ಬೆಳಗಿನ ಮತ್ತು ಸಂಜೆಯ ಬಿಸಿಲಿಗೆ. ಭೂತನಾಥನ ಗುಡಿ ಕೆರೆಯ ಪೂರ್ವದ ದಂಡೆಯಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಂತಿದೆ. ಹೊತ್ತು ಇಳಿಯುವಾಗ ಗುಡಿಯೂ ಹಿಂದಿನ ಬೆಟ್ಟವೂ ಕೆಂಡದ ಬಣ್ಣಕ್ಕೆ ತಿರುಗುತ್ತವೆ, ನೀರಿನಲ್ಲೂ ಅದೇ ಬಣ್ಣ ಅಲುಗಾಡುತ್ತಿರುತ್ತದೆ. ಇದನ್ನು ನೋಡಲು ಅತ್ತೆಯವರು ಮೆಟ್ಟಿಲು ಹತ್ತಬೇಕಾಗಿಲ್ಲ. ಅಗಸ್ತ್ಯ ತೀರ್ಥ ಎಂಬ ಆ ಕೆರೆಯ ದಂಡೆಯ ಮೇಲೆ ಕೂತರೆ ಸಾಕು.

ಬೆಳಿಗ್ಗೆ ಅದೇ ದಂಡೆ ಬೇರೆಯೇ ಆಗಿರುತ್ತದೆ. ಊರಿನ ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ಕೂತು ಬಟ್ಟೆ ಒಗೆಯುತ್ತಾರೆ. ಎರಡು ಬದಿಯೂ ಕಡಿದಾದ ಬಂಡೆ ಇರುವುದರಿಂದ ಒಗೆಯುವ ಸಪ್ಪಳ ಎದುರಿನ ಬೆಟ್ಟಕ್ಕೆ ತಾಗಿ ಹಿಂದಕ್ಕೆ ಬರುತ್ತದೆ. ಕೈ ಮೇಲೇಳುವಾಗ ಹಿಂದಿನ ಏಟಿನ ಸದ್ದು ಕೇಳುತ್ತದೆ. ಮೊದಲ ದಿನ ನಿಮಗೆ ಅದು ಗದ್ದಲ ಎನ್ನಿಸಬಹುದು. ಮೂರನೆಯ ದಿನ ಅಲ್ಲಿ ಕೂತರೆ ಯಾರ ಏಟು ಯಾವುದು ಎಂದು ಮಕ್ಕಳು ಗುರುತಿಸತೊಡಗುತ್ತಾರೆ. ಅಲ್ಲಿಗೆ ಕಳಿಸಿದ ಒಂದು ಕುಟುಂಬದ ಹುಡುಗಿ ನನಗೆ ಇದನ್ನು ಹೇಳಿದಳು, ಆಮೇಲೆ ನಾನೇ ಹೋಗಿ ಕೂತು ನೋಡಿದೆ. ಹೌದು, ಗುರುತಿಸಬಹುದು.

ಮಕ್ಕಳಿಗೆ ಬೇಸರವಾಗುತ್ತದೆಯೇ ಎಂದಿರಿ. ಆಗುತ್ತದೆ. ಎರಡನೆಯ ದಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಖಂಡಿತ ಆಗುತ್ತದೆ, ನಾನು ನೋಡಿದ ಮನೆಗಳಲ್ಲೆಲ್ಲ ಹೆಚ್ಚುಕಡಿಮೆ ಅದೇ ಹೊತ್ತು. ಯಾರೋ ಒಬ್ಬರು ಮೊಬೈಲ್ ತೆಗೆದು 'ಇಲ್ಲಿಂದ ವಿಜಯಪುರ ಎಷ್ಟು ದೂರ' ಎಂದು ನೋಡುತ್ತಾರೆ. ಆ ಮಧ್ಯಾಹ್ನವನ್ನು ದಾಟಿಬಿಡಿ. ಸಂಜೆ ಬಿಸಿಲು ತಗ್ಗಿದ ಮೇಲೆ ಮತ್ತೆ ಗುಹೆಗಳ ಕಡೆ ಹೋಗಿ. ಮೊದಲನೆಯ ಗುಹೆಯ ಹೊರಗೆ ಹದಿನೆಂಟು ಕೈಗಳ ನಟರಾಜನಿದ್ದಾನೆ. ಎಂಟು ವರ್ಷದ ಮಗುವಿಗೆ ಒಂದೊಂದೇ ಕೈಯನ್ನು ತಾನೂ ಹಾಗೇ ತಿರುಗಿಸಿ ನೋಡಲು ಹೇಳಿ. ಅದೇ ಗುಹೆಯ ಎದುರಿನ ದ್ವಾರಪಾಲಕನ ಕಾಲಬುಡದಲ್ಲಿ ಆನೆಯೂ ಎತ್ತೂ ಒಂದೇ ತಲೆಯನ್ನು ಹಂಚಿಕೊಂಡ ಒಂದು ಶಿಲ್ಪವಿದೆ. ಒಂದು ಬದಿಗೆ ಅಂಗೈ ಮುಚ್ಚಿದರೆ ಆನೆ, ಇನ್ನೊಂದು ಬದಿಗೆ ಮುಚ್ಚಿದರೆ ಎತ್ತು. ಮೊದಲ ದಿನ ಗುಂಪಿನಲ್ಲಿ ನುಗ್ಗಿ ಹೋಗುವವರಲ್ಲಿ ಹೆಚ್ಚಿನವರ ಕಣ್ಣಿಗೆ ಇದು ಬೀಳುವುದಿಲ್ಲ.

ಮೂರನೆಯ ಗುಹೆಯನ್ನು ಕೊರೆಸಿದವನು ಚಾಲುಕ್ಯ ಅರಸ ಕೀರ್ತಿವರ್ಮನ ತಮ್ಮ ಮಂಗಳೇಶ. ಅಲ್ಲಿನ ಶಾಸನದಲ್ಲಿ ಶಕ ವರ್ಷ 500 ಎಂದಿದೆ, ಅಂದರೆ ಕ್ರಿ.ಶ. 578. ಅಲ್ಲಿ ಒಂದು ಕನ್ನಡ ಶಾಸನವೂ ಇದೆ. ಅದರಲ್ಲಿ ಆ ಗುಹೆಯನ್ನು 'ಕಲ್ಮನೆ' ಎಂದು ಕರೆದಿದ್ದಾರೆ. ಕಲ್ಲಿನ ಮನೆ. ಹನ್ನೆರಡು ವರ್ಷದ ಮಗ ಶಾಲೆಯಲ್ಲಿ ಕನ್ನಡ ಓದುತ್ತಿದ್ದರೆ ಆ ಪದ ಹೇಳಿ ಸುಮ್ಮನಿದ್ದುಬಿಡಿ. ಮರುದಿನ ಕಪ್ಪೆ ಅರಭಟ್ಟನ ಶಾಸನದ ಕಡೆ ಕರೆದುಕೊಂಡು ಹೋಗಿ. ಅದು ಕೆರೆಯ ಈಶಾನ್ಯಕ್ಕೆ, ತಟ್ಟುಕೋಟೆಯ ಕಡೆಯ ಬಂಡೆಯ ಮೇಲಿದೆ, ಸ್ವಲ್ಪ ಏರಬೇಕು. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್ ಮಾಧವನೀತನ್ ಪೆರನಲ್ಲ' ಎಂದು ಪಾಠಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದೆವಲ್ಲ, ಆ ತ್ರಿಪದಿ ಸುಮಾರು ಸಾವಿರದ ಮುನ್ನೂರು ವರ್ಷಗಳಿಂದ ಬಿಸಿಲು ಮಳೆಗೆ ಮೈಯೊಡ್ಡಿ ಅಲ್ಲೇ ಇದೆ. ಪ್ಯಾಕೇಜ್ ಬಸ್ಸುಗಳ ವೇಳಾಪಟ್ಟಿಯಲ್ಲಿ ಇದನ್ನು ನಾನು ಒಮ್ಮೆಯೂ ಕಂಡಿಲ್ಲ, ಏಕೆಂದರೆ ಹೋಗಿಬರಲು ಒಂದು ಇಡೀ ಬೆಳಗು ಬೇಕು. ನಾನು ಮೊದಲ ಬಾರಿ ಅದರ ಮುಂದೆ ನಿಂತಾಗ 'ಪೆರನಲ್ಲ' ಎಂಬುದರ ಅಕ್ಷರಗಳನ್ನು ಹುಡುಕಿ ಹಿಡಿಯಲು ಅರ್ಧ ಗಂಟೆ ಹಿಡಿಯಿತು. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ಅರ್ಧ ಗಂಟೆ ಹೆಚ್ಚಿಲ್ಲ.

ಬಾದಾಮಿಯಿಂದ ಬನಶಂಕರಿ 5 ಕಿ.ಮೀ. ಅಲ್ಲಿ ಗುಡಿಯ ಆವರಣದ ಹೊರಗೆ ಬುಟ್ಟಿ ಹೊತ್ತ ಅಜ್ಜಿಯರು ಜೋಳದ ರೊಟ್ಟಿ, ಕೆಂಪು ಚಟ್ನಿ, ಪಲ್ಯ, ಮೊಸರು ಮಾರುತ್ತಾರೆ. ನೆರಳಿನಲ್ಲಿ ಕೂರಿಸಿ ಬಡಿಸುತ್ತಾರೆ, ಸಾಕು ಎಂದರೂ ಇನ್ನೊಂದು ರೊಟ್ಟಿ ಹಾಕುತ್ತಾರೆ. ಅತ್ತೆಯವರಿಗೆ ಅಲ್ಲಿ ಮಾತನಾಡಲು ಜನ ಸಿಗುತ್ತಾರೆ. ವಯಸ್ಸಾದವರಿಗೆ ಪ್ರವಾಸದಲ್ಲಿ ನಿಜವಾಗಿ ಬೇಕಾದದ್ದು ಹೆಚ್ಚಾಗಿ ಇದೇ ಎಂದು ನನಗನ್ನಿಸಿದೆ: ಕೂರಲು ಒಂದು ಜಾಗ, ಮಾತಿಗೆ ಯಾರಾದರೂ. ನವರಾತ್ರಿಯಲ್ಲಿ ಗುಡಿ ತುಂಬಿರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಹತ್ತಿರದ ಮಹಾಕೂಟದ ಗುಡಿಯ ಪುಷ್ಕರಿಣಿಯಲ್ಲಿ ಊರ ಹುಡುಗರು ಈಜುತ್ತಿರುತ್ತಾರೆ, ನಿಮ್ಮ ಮಕ್ಕಳು ಅಲ್ಲಿಂದ ಎದ್ದು ಬರಲು ಒಪ್ಪದಿದ್ದರೆ ಆ ದಿನ ಬೇರೆಲ್ಲಿಗೂ ಹೋಗಬೇಡಿ. ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನು ಹದಿಮೂರು ಹದಿನಾಲ್ಕು. ಇವೆರಡಕ್ಕೆ ಒಂದೊಂದು ದಿನ ಕೊಡಿ. ಚಾಲುಕ್ಯ ಅರಸ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವೊಂದಕ್ಕೇ ಎರಡು ಗಂಟೆ ಸಾಲದು. ನೇಕಾರಿಕೆಯಲ್ಲಿ ಆಸಕ್ತಿಯಿದ್ದರೆ ಗುಳೇದಗುಡ್ಡ ಹತ್ತಿರದಲ್ಲೇ ಇದೆ. ಅಲ್ಲಿ ರವಿಕೆಯ ಬಟ್ಟೆಯಾದ ಖಣ ನೇಯುವುದನ್ನು ನೋಡಿ, ಒಂದೆರಡು ಕೊಂಡು ಬನ್ನಿ.

ಖರ್ಚಿಗೆ ಬರೋಣ. ಸಾವಕಾಶದ ಪ್ರವಾಸ ದುಬಾರಿ ಎಂಬುದು ಮನೆಯಿಂದಲೇ ವಾಹನ ಮಾಡಿಕೊಂಡು ಹೋಗುವವರ ಮಟ್ಟಿಗೆ ನಿಜ. ಕಿ.ಮೀ.ಗೆ 20 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ. ಎಂದು ಇಟ್ಟುಕೊಂಡರೆ ಆರು ದಿನಕ್ಕೆ 36,000 ರೂಪಾಯಿ ವಾಹನಕ್ಕೇ ಆಯಿತು, ನಿಂತರೂ ಅಷ್ಟೆ, ಓಡಿದರೂ ಅಷ್ಟೆ. ಇದರಿಂದ ತಪ್ಪಿಸಿಕೊಳ್ಳುವ ದಾರಿ ರೈಲು. ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಬಾದಾಮಿ. ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ, ಆಟೊ ಸಿಗುತ್ತದೆ. ಅತ್ತೆಯವರಿಗೆ ಕೆಳಗಿನ ಬರ್ತ್ ಕೇಳಿ. ಊರಿಗೆ ಹೋದ ಮೇಲೆ ಬೇಕಾದ ದಿನ ಬೇಕಾದಷ್ಟು ಹೊತ್ತಿಗೆ ಸ್ಥಳೀಯ ವಾಹನ ಮಾಡಿಕೊಳ್ಳಿ. ಉಳಿದ ದಿನ ಸರ್ಕಾರಿ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನಿಮಗೂ ಅತ್ತೆಯವರಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ಹಣ ಕೊಡಬೇಕಾಗಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಟ್ಟುಕೊಳ್ಳಿ. ಕೋಣೆಗೆ ಐದು ರಾತ್ರಿ ಒಂದೇ ಕಡೆ ಎಂದರೆ ಬಾಡಿಗೆಯಲ್ಲಿ ಸ್ವಲ್ಪ ಬಿಡುವಂತೆ ಕೇಳಲು ನಿಮಗೆ ಬಾಯಿ ಇರುತ್ತದೆ. ಒಂದು ರಾತ್ರಿಯ ಗಿರಾಕಿಗೆ ಆ ಬಾಯಿ ಇರುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಐದು ರಾತ್ರಿಯೂ ಬಾದಾಮಿಯಲ್ಲೇ ಇರಬಹುದು. ಇದರಲ್ಲಿ ಒಂದು ಅಪಾಯ ಇದೆ, ಕೋಣೆಯೇ ಸರಿಯಿಲ್ಲದಿದ್ದರೆ ಐದು ದಿನವೂ ಕೆಡುತ್ತದೆ. ಬಾದಾಮಿಯಲ್ಲಿ ಒಳ್ಳೆಯ ಕೋಣೆಗಳು ಎಣಿಕೆಯಷ್ಟೇ. ಹಾಗಾಗಿ ಮೊದಲ ಎರಡು ರಾತ್ರಿಗೆ ಪೂರ್ತಿ ಹಣ ಕಟ್ಟಿ, ಉಳಿದದ್ದನ್ನು ರದ್ದುಮಾಡಲು ಬರುವಂತೆ ಕಾಯ್ದಿರಿಸಿ. ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ: ಕೋಣೆ ನೆಲಮಹಡಿಯಲ್ಲಿದೆಯೇ, ಕಮೋಡ್ ಇದೆಯೇ, ಫ್ರಿಜ್ ಇದೆಯೇ. ಕೊನೆಯದು ಇನ್ಸುಲಿನ್‌ಗಾಗಿ.

ಎರಡನೆಯದು, ಮೂರು ರಾತ್ರಿ ಬಾದಾಮಿ, ಎರಡು ರಾತ್ರಿ ವಿಜಯಪುರ. ಎರಡೂ ಒಂದೇ ರೈಲುಮಾರ್ಗದಲ್ಲಿವೆ, ನಡುವೆ ಕೃಷ್ಣೆಯನ್ನು ದಾಟುತ್ತೀರಿ. ಬೆಂಗಳೂರಿಗೆ ಮರಳುವ ರೈಲನ್ನು ವಿಜಯಪುರದಿಂದಲೇ ಹತ್ತಬಹುದು. ಗೋಲಗುಂಬಜಿನ ಪಿಸುಗುಟ್ಟುವ ಗ್ಯಾಲರಿಗೆ ಏಳು ಅಂತಸ್ತಿನ ಇಕ್ಕಟ್ಟಾದ ಮೆಟ್ಟಿಲು ಹತ್ತಬೇಕು, ಅತ್ತೆಯವರು ಕೆಳಗಿನ ಹುಲ್ಲುಹಾಸಿನಲ್ಲಿ ಉಳಿಯಬೇಕಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋದರೆ ಮಾತ್ರ ಪಿಸುಮಾತು ಕೇಳುತ್ತದೆ, ಆಮೇಲೆ ಕೂಗಾಟವೇ ಹೆಚ್ಚು. ಇಲ್ಲಿ ಒಮ್ಮೆ ಗಂಟುಮೂಟೆ ಕಟ್ಟುವ ಕಷ್ಟವಿದೆ. ಆದರೆ ನಿಮ್ಮ ಪತಿಯ ಪಟ್ಟಿಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರ ನಾಲ್ಕೂ ಬಂದವು, ಆಲಮಟ್ಟಿ ರೈಲಿನ ದಾರಿಯಲ್ಲಿ ಹಾದುಹೋಗುತ್ತದೆ.

ಮೂರನೆಯದು, ಪಟ್ಟಿಯನ್ನು ಹಾಗೇ ಇಟ್ಟು ನಡುವೆ ಒಂದು ದಿನ ಸುಮ್ಮನಿರುವುದು. ಇದನ್ನು ನಾನು ಬೇಡ ಎನ್ನುತ್ತೇನೆ. ಆ ಒಂದು ದಿನ ಬಟ್ಟೆ ಒಗೆಯುವುದಕ್ಕೂ ನಿದ್ದೆಗೂ ಸರಿಹೋಗುತ್ತದೆ, ಮಿಕ್ಕ ದಿನಗಳು ಇನ್ನಷ್ಟು ಓಟವಾಗುತ್ತವೆ.

ನಿಮ್ಮ ಮನೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮಂಡಿನೋವು ಒಂದನ್ನೇ ನೋಡಿದರೆ ಮೊದಲನೆಯದು ಒಳ್ಳೆಯದು. ಆದರೆ ಗೋಲಗುಂಬಜ್ ನೋಡಬೇಕೆಂಬ ಆಸೆಯನ್ನು ಪತಿ ಪೂರ್ತಿ ನುಂಗಿಕೊಂಡು ಬಂದರೆ ಆ ಐದು ದಿನ ಯಾರಿಗೂ ಹಗುರವಾಗಿರುವುದಿಲ್ಲ. ಓಡುವ ಪ್ರವಾಸವೇ ಸರಿಯಾದ ಸಂದರ್ಭಗಳೂ ಇವೆ. ಕಾಶಿ, ಬದರಿಯಂಥ ಕಡೆಗೆ ಜೀವನದಲ್ಲಿ ಒಮ್ಮೆ ಹೋಗುವ ಹಿರಿಯರಿಗೆ, ಒಂಟಿಯಾಗಿ ಹೊರಡಲು ಧೈರ್ಯ ಸಾಲದವರಿಗೆ ಗುಂಪಿನ ಪ್ಯಾಕೇಜ್ ದೊಡ್ಡ ಆಸರೆ. ಅಂಥವರನ್ನು ನಾನೇ ಕಳಿಸುತ್ತೇನೆ. ಬಾದಾಮಿ ಬೆಂಗಳೂರಿನಿಂದ ಒಂದು ರಾತ್ರಿಯ ದಾರಿ, ಮತ್ತೆ ಹೋಗಬಹುದು.

ಇನ್ನು ಸಣ್ಣಪುಟ್ಟ ಸಂಗತಿಗಳು. ಇನ್ಸುಲಿನ್ ಮತ್ತು ಮಾತ್ರೆಗಳನ್ನು ಆರು ದಿನದ ಮೇಲೆ ಇನ್ನೂ ಮೂರು ದಿನಕ್ಕೆ ಆಗುವಷ್ಟು ಹೆಚ್ಚಾಗಿ ಒಯ್ಯಿರಿ. ನಿಲ್ಲಿಸಿದ ವಾಹನದೊಳಗೆ ಇನ್ಸುಲಿನ್ ಬಿಡಬೇಡಿ, ಬಿಸಿಗೆ ಕೆಡುತ್ತದೆ. ಊಟದ ಹೊತ್ತು ಏರುಪೇರಾದರೆ ಪ್ರಮಾಣ ಏನು ಮಾಡಬೇಕೆಂದು ಹೊರಡುವ ಮೊದಲು ನಿಮ್ಮ ವೈದ್ಯರನ್ನೇ ಕೇಳಿ ಬರೆಸಿಕೊಳ್ಳಿ. ಬಾದಾಮಿ ತಾಲ್ಲೂಕು ಕೇಂದ್ರ, ಆಸ್ಪತ್ರೆ ಮತ್ತು ಔಷಧದ ಅಂಗಡಿಗಳು ಊರೊಳಗೇ ಇವೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಬಾಗಲಕೋಟೆ ಒಂದು ಗಂಟೆಯ ದಾರಿ. ದಿನಕ್ಕೊಂದು ಊರು ಬದಲಿಸುವಾಗ ಈ ಅನುಕೂಲ ಇರುವುದಿಲ್ಲ ಎಂದು ಮಾವನವರಿಗೆ ಹೇಳಿ, ಅವರ ಆತಂಕ ಅರ್ಧ ಇಳಿಯುತ್ತದೆ. ಗುಹೆಗಳ ಹತ್ತಿರ ಕೋತಿಗಳಿವೆ, ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿಯಬೇಡಿ, ಔಷಧದ ಚೀಲವನ್ನು ಮೈಗೆ ಅಡ್ಡ ಹಾಕಿಕೊಳ್ಳಿ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಹಂಪಿ ಬಿಟ್ಟುಹೋಯಿತೆಂದು ಪತಿ ಹೇಳುವುದು ಖಂಡಿತ. ಹಂಪಿಯೂ ಬೀದರೂ ಒಂದೊಂದು ಪ್ರತ್ಯೇಕ ರಜೆಗೆ ಆಗುವಷ್ಟು ದೊಡ್ಡವು. ಬೀದರಿಗೆ ಬೆಂಗಳೂರಿನಿಂದ ನೇರ ರೈಲಿದೆ. ಡಿಸೆಂಬರಿನ ಚಳಿಯಲ್ಲಿ ಮೂರು ರಾತ್ರಿ ಅಲ್ಲೇ ಇದ್ದು, ಕೋಟೆಗೆ ಎರಡು ಬೆಳಗು ಕೊಟ್ಟು, ಬಿದ್ರಿ ಕೆಲಸದವರ ಅಂಗಡಿಯ ಮುಂದೆ ಕೂತು ಬರಲಿ. ಆ ಟಿಕೆಟನ್ನು ಅವರ ಕೈಯಿಂದಲೇ ಮಾಡಿಸಿ.